ಮುಟ್ಟಿದರೆ ದಾರಿ ಬದಲಿಸುವ ಕೋಶಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳು ಆಡುತ್ತಾ ಬಿದ್ದು ಮೊಣಕಾಲು ತರಚಿಕೊಳ್ಳುತ್ತಾರೆ. ಎರಡು ದಿನದಲ್ಲಿ ಹಕ್ಕಳೆ ಕಟ್ಟುತ್ತದೆ. ಅದು ಉದುರಿದಾಗ ಅಡಿಯಲ್ಲಿ ಹೊಸ ಚರ್ಮ ಇರುತ್ತದೆ. ಎಲ್ಲಿಂದ ಬಂತು ಅದು? ಗಾಯದ ಅಂಚಿನಲ್ಲಿದ್ದ ಚರ್ಮದ ಕೋಶಗಳು ತೆವಳಿಕೊಂಡು ಬಂದು ಖಾಲಿ ಜಾಗ ತುಂಬಿರುತ್ತವೆ. ಹೌದು, ತೆವಳಿಕೊಂಡೇ. ಅವಕ್ಕೆ ಕಾಲಿಲ್ಲ, ಕಣ್ಣಿಲ್ಲ. ಆದರೂ ನಡೆಯುತ್ತವೆ. ನನಗೆ ಇದಕ್ಕಿಂತ ಜಾಸ್ತಿ ಆಶ್ಚರ್ಯ ಎನಿಸುವುದು ಇನ್ನೊಂದು ಸಂಗತಿ. ಆ ಕಡೆಯಿಂದ ಬಂದವು, ಈ ಕಡೆಯಿಂದ ಬಂದವು ಎದುರಾದಾಗ ನಿಂತುಬಿಡುತ್ತವೆ. ಒಂದರ ಮೇಲೊಂದು ಹತ್ತಿ ಗುಡ್ಡೆಯಾಗುವುದಿಲ್ಲ. ನಿಲ್ಲಬೇಕು ಎಂದು ಅವಕ್ಕೆ ಹೇಗೆ ಗೊತ್ತಾಗುತ್ತದೆ?

ಇಂಥ ಪ್ರಶ್ನೆಗಳ ಹಿಂದೆ ಇಡೀ ಜೀವನ ಕಳೆದ ಒಬ್ಬ ವಿಜ್ಞಾನಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ಹೆಸರು ಮೈಕೆಲ್ ಅಬರ್‌ಕ್ರೊಂಬಿ. 1912ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ತಂದೆ ಲ್ಯಾಸೆಲ್ಸ್ ಅಬರ್‌ಕ್ರೊಂಬಿ ಕವಿ. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಕೂಡ ಕೆಲಕಾಲ ಅವರ ನೆರೆಯಲ್ಲಿದ್ದರು. ಕವಿಗಳು ಬಂದುಹೋಗುವ ಅಂಥ ಮನೆಯ ಹುಡುಗ ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರ ಓದಿದ. ಆಮೇಲೆ ಕೇಂಬ್ರಿಜ್‌ನ ಸ್ಟ್ರೇಂಜ್‌ವೇಸ್ ಪ್ರಯೋಗಾಲಯಕ್ಕೆ ಹೋಗಿ ಕೋಳಿ ಭ್ರೂಣ ಹೇಗೆ ಬೆಳೆಯುತ್ತದೆ ಎಂದು ನೋಡಿದ.

ಆ ಸ್ಟ್ರೇಂಜ್‌ವೇಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಜೀವಕೋಶಗಳನ್ನು ಮೈಯಿಂದ ಹೊರಗೆ ತೆಗೆದು, ಗಾಜಿನ ಮೇಲೆ ಸಾಕುವ ಕೆಲಸಕ್ಕೆ ಅದು ಹೆಸರಾದ ಜಾಗ. ಅಲ್ಲಿ ರೊನಾಲ್ಡ್ ಕ್ಯಾಂಟಿ ಎಂಬ ವೈದ್ಯರು 1920ರ ದಶಕದಲ್ಲೇ ಕೋಶಗಳ ಸಿನಿಮಾ ತೆಗೆದಿದ್ದರು. ಸುಮ್ನೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂತರೆ ಕೋಶ ಅಲುಗಾಡದ ಹಾಗೆ ಕಾಣುತ್ತದೆ. ಹೊತ್ತು ಹೊತ್ತಿಗೆ ಒಂದೊಂದು ಚಿತ್ರ ತೆಗೆದು, ಆಮೇಲೆ ಬೇಗ ಬೇಗ ಓಡಿಸಿದರೆ ಅದು ಹರಿದಾಡುವುದು ಕಾಣುತ್ತದೆ. ಅಬರ್‌ಕ್ರೊಂಬಿ ಮುಂದೆ ಮಾಡಿದ ಕೆಲಸಕ್ಕೆ ಈ ಉಪಾಯ ಬಹಳ ಉಪಯೋಗಕ್ಕೆ ಬಂತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಮತ್ತು ಅವರ ಹೆಂಡತಿ, ಅವರೂ ಪ್ರಾಣಿಶಾಸ್ತ್ರಜ್ಞೆ, ಸೇರಿ ಗಾಯಗೊಂಡ ನರಗಳನ್ನು ಅಧ್ಯಯನ ಮಾಡಿದರು. ನರದ ತುಂಡನ್ನು ಗಾಜಿನ ಮೇಲೆ ಇಟ್ಟರೆ ಅದರೊಳಗಿನ ಕೋಶಗಳು ಹೊರಗೆ ನಡೆದುಬರುತ್ತವೆ. ಎಷ್ಟು ಬಂದವು? ದಂಪತಿ ಕೂತು ಎಣಿಸಿದರು. ಎಣಿಸುವುದು, ಅಳೆಯುವುದು: ಅಬರ್‌ಕ್ರೊಂಬಿಯವರ ಕೆಲಸದ ರೀತಿ ಕೊನೆಯವರೆಗೂ ಇದೇ.

ಯುದ್ಧ ಮುಗಿದ ಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿದರು. ಅಲ್ಲಿ ಜೋನ್ ಹೀಸ್ಮನ್ ಎಂಬ ಸಹೋದ್ಯೋಗಿ ಸಿಕ್ಕರು. ಇಬ್ಬರೂ ಸೇರಿ ಮಾಡಿದ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಅದು ಅಷ್ಟು ಸರಳ, ಅಷ್ಟು ಚಂದ.

ಕೋಳಿ ಭ್ರೂಣದ ಹೃದಯದಿಂದ ಎರಡು ಚೂರು ತೆಗೆದುಕೊಂಡರು. ಗಾಜಿನ ಮೇಲೆ ಸ್ವಲ್ಪ ಅಂತರ ಬಿಟ್ಟು ಎದುರುಬದುರು ಇಟ್ಟರು. ಎರಡೂ ಚೂರುಗಳಿಂದ ಫೈಬ್ರೋಬ್ಲಾಸ್ಟ್ ಎಂಬ, ಅಂಗಾಂಶಕ್ಕೆ ಆಧಾರವಾದ ನಾರು ತಯಾರಿಸುವ ಕೋಶಗಳು ಹೊರಗೆ ತೆವಳಲು ಶುರುಮಾಡಿದವು. ಅವುಗಳ ವೇಗ ಎಷ್ಟು ಗೊತ್ತಾ? ಒಂದು ಮಿಲಿಮೀಟರ್ ದಾಟಲು ಒಂದು ದಿನವೇ ಬೇಕಾಗಬಹುದು. ಬಯಲಿನಲ್ಲಿ ಆರಾಮಾಗಿ ಹೋಗುತ್ತಿದ್ದ ಕೋಶಗಳು ಕೊನೆಗೆ ಎದುರಿನವನ್ನು ಮುಟ್ಟಿದವು. ಆಗ ಏನಾಯಿತು? ಮುಟ್ಟಿದ ಕೋಶ ಆ ಕಡೆಗೆ ಹೋಗುವುದನ್ನು ನಿಲ್ಲಿಸಿತು. ಅದರ ಮುಂಭಾಗ ಮುದುರಿಕೊಂಡಿತು. ಬೇರೆ ಕಡೆ ಜಾಗ ಇದ್ದರೆ ಆ ಕಡೆ ತಿರುಗಿತು. ಒಂದು ಕೋಶವನ್ನು ಎಷ್ಟು ಜಾಸ್ತಿ ಕೋಶಗಳು ಮುಟ್ಟಿಕೊಂಡಿವೆಯೋ ಅದರ ವೇಗ ಅಷ್ಟು ಕಡಿಮೆ.

ಇದು 1953ರಲ್ಲಿ ಪ್ರಕಟವಾಯಿತು. ಮರುವರ್ಷ ಇನ್ನೊಂದು ಲೆಕ್ಕ ಕೊಟ್ಟರು. ಕೋಶಗಳು ಒಂದನ್ನೊಂದು ಲೆಕ್ಕಿಸದೆ ಅಡ್ಡಾದಿಡ್ಡಿ ಓಡಾಡಿದರೆ ಎಷ್ಟು ಕಡೆ ಒಂದರ ಮೇಲೊಂದು ಬರಬೇಕು? ನಿಜವಾಗಿ ಎಷ್ಟು ಕಡೆ ಬಂದಿವೆ? ನಿಜದ ಎಣಿಕೆ ತುಂಬ ಕಡಿಮೆ ಇತ್ತು. ಅಂದರೆ ಅವು ಒಂದರ ಮೇಲೊಂದು ಹತ್ತುತ್ತಿರಲಿಲ್ಲ, ಒಂದೇ ಪದರವಾಗಿ ಹರಡಿಕೊಳ್ಳುತ್ತಿದ್ದವು. ಮುಟ್ಟಿದಾಗ ಚಲನೆಗೆ ಬೀಳುವ ಈ ತಡೆಯನ್ನು ಕನ್ನಡದಲ್ಲಿ ಸ್ಪರ್ಶತಡೆ ಅನ್ನೋಣ. ಈ ಪ್ರಬಂಧಗಳ ತಲೆಬರಹದಲ್ಲಿ ಅವರು ಬಳಸಿದ ಮಾತು ಕೋಶಗಳ ಸಾಮಾಜಿಕ ನಡವಳಿಕೆ ಎಂದು. ನೆರೆಹೊರೆ ಇರುವ ಜೀವಿಗಳನ್ನು ನೋಡುವ ಕಣ್ಣಿನಿಂದ ಅವರು ಕೋಶವನ್ನು ನೋಡಿದರು. ಒಂದೊಂದನ್ನೇ ಬೇರೆಯಾಗಿ ನೋಡಿದ್ದರೆ ಈ ಸಂಗತಿ ಸಿಗುತ್ತಲೇ ಇರಲಿಲ್ಲ, ಅಲ್ವಾ?

ಮುಂದಿನದು ಸ್ವಲ್ಪ ಭಯ ಹುಟ್ಟಿಸುವಂಥದ್ದು. ಎರಡು ಚೂರಿನಲ್ಲಿ ಒಂದನ್ನು ತೆಗೆದು, ಅದರ ಜಾಗದಲ್ಲಿ ಇಲಿಯ ಕ್ಯಾನ್ಸರ್ ಗಡ್ಡೆಯ ಚೂರು ಇಟ್ಟರು. ಈ ಕೋಶಗಳು ಫೈಬ್ರೋಬ್ಲಾಸ್ಟ್‌ಗಳನ್ನು ಮುಟ್ಟಿದ ಮೇಲೂ ನಿಲ್ಲಲಿಲ್ಲ. ಅವುಗಳ ಜಾಗಕ್ಕೇ ನುಗ್ಗಿದವು. ಇದು 1957ರ ಮಾತು. ಎಲ್ಲ ಕ್ಯಾನ್ಸರ್ ಕೋಶಗಳೂ ಹೀಗೇ ಎಂದು ಹೇಳುವಂತಿಲ್ಲ, ಒಂದೊಂದರ ರೀತಿ ಬೇರೆ. ಆದರೆ ಕ್ಯಾನ್ಸರ್ ಎಂದರೆ ಬರೀ ಬೆಳವಣಿಗೆ ಹದ ತಪ್ಪುವುದಲ್ಲ, ನಡಿಗೆಯೂ ಹದ ತಪ್ಪಬಹುದು ಎಂಬ ದಾರಿಯನ್ನು ಈ ಕೆಲಸ ತೆರೆಯಿತು.

ಮರುವರ್ಷ ಅವರು ಬ್ರಿಟನ್ನಿನ ಹೆಸರಾಂತ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ಫೆಲೋ ಆದರು. 1970ರಲ್ಲಿ ಹಳೆಯ ಸ್ಟ್ರೇಂಜ್‌ವೇಸ್‌ಗೇ ನಿರ್ದೇಶಕರಾಗಿ ಮರಳಿದರು. ಆ ಹೊತ್ತಿಗೆ ಪ್ರಶ್ನೆ ಇನ್ನೂ ಸಣ್ಣದಾಗಿತ್ತು, ಇನ್ನೂ ಆಳವಾಗಿತ್ತು. ಒಂದೇ ಒಂದು ಕೋಶ ಮುಂದೆ ಹೋಗುವುದು ಹೇಗೆ? ಹೀಸ್ಮನ್ ಮತ್ತು ಇನ್ನೊಬ್ಬ ಸಹೋದ್ಯೋಗಿಯ ಜೊತೆ ಕೋಶದ ಮುಂಚೂಣಿಯ ಅಂಚನ್ನೇ ಅಳೆದರು. ತೆಳ್ಳಗೆ, ಹಾಳೆಯ ಹಾಗಿರುವ ಅಂಚು ಅದು. ಸ್ವಲ್ಪ ಮುಂದೆ ಚಾಚುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಚಾಚುತ್ತದೆ. ಮುಂದೆ ಹೋದದ್ದು ಹಿಂದೆ ಸರಿದದ್ದಕ್ಕಿಂತ ಸ್ವಲ್ಪ ಜಾಸ್ತಿ. ಆ ಉಳಿಕೆಯೇ ಕೋಶದ ಪ್ರಯಾಣ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೋಶದ ಅಡಿಯಲ್ಲಿ ನೆಲಕ್ಕೆ ಅಂಟಿಕೊಳ್ಳುವ ಪುಟ್ಟ ಗಟ್ಟಿ ಜಾಗಗಳೂ ಕಂಡವು.

ಇನ್ನೊಂದು ವಿಚಿತ್ರ ನೋಡಿದರು. ಅಂಚಿನ ಮೇಲೆ ಅಂಟಿದ ಕಣಗಳು ಹಿಂದಕ್ಕೆ ಸಾಗುತ್ತಿದ್ದವು. ಕೋಶ ತನ್ನ ಹೊರಪೊರೆಯನ್ನು ಮುಂದೆ ಸೇರಿಸುತ್ತಾ ಹಿಂದಕ್ಕೆ ಹರಿಸುತ್ತಿರಬೇಕು ಎಂದು ಅವರು ಊಹಿಸಿದರು. ಮುಂದಿನವರು ಹೆಚ್ಚಾಗಿ ಬೊಟ್ಟು ಮಾಡಿದ್ದು ಪೊರೆಯ ಒಳಗಿನ ಆಕ್ಟಿನ್ ಎಳೆಗಳ ಕಡೆಗೆ. ಆಕ್ಟಿನ್ ಎಂದರೆ ನಮ್ಮ ಸ್ನಾಯುಗಳಲ್ಲೂ ಇರುವ ಪ್ರೋಟೀನು. ಅದರ ಎಳೆಗಳು ಮುಂದಿನ ಅಂಚಿನಲ್ಲಿ ಬೆಳೆದು ಅದನ್ನು ತಳ್ಳುತ್ತವೆ, ತಾವು ಹಿಂದಕ್ಕೆ ಸರಿಯುತ್ತವೆ. ಅಬರ್‌ಕ್ರೊಂಬಿಯವರ ಊಹೆ ಪೂರ್ತಿ ನಿಲ್ಲಲಿಲ್ಲ, ಕಣ್ಣಾರೆ ಕಂಡು ಅಳೆದದ್ದು ಮಾತ್ರ ಉಳಿಯಿತು. ಈ ಮನುಷ್ಯನ ಮೇಲೆ ನನಗೆ ಗೌರವ ಹೆಚ್ಚಲು ಇದೂ ಒಂದು ಕಾರಣ.

1978ರಲ್ಲಿ ರಾಯಲ್ ಸೊಸೈಟಿಯ ಕ್ರೂನಿಯನ್ ಉಪನ್ಯಾಸ ಕೊಟ್ಟರು. ವಿಷಯ, ಪ್ರಾಣಿಕೋಶಗಳ ತೆವಳುವಿಕೆ. ಮರುವರ್ಷ ತೀರಿಕೊಂಡರು. ಆ ಉಪನ್ಯಾಸ ಅಚ್ಚಾಗಿ ಬಂದದ್ದು 1980ರಲ್ಲಿ.

ಒಂದು ಅನುಮಾನ ಮಾತ್ರ ಬಹಳ ಕಾಲ ಉಳಿದಿತ್ತು. ಇದೆಲ್ಲ ಗಾಜಿನ ಮೇಲೆ ಸರಿ, ಜೀವಂತ ಮೈಯೊಳಗೂ ಹೀಗೇ ನಡೆಯುತ್ತದೆಯೇ? ಭ್ರೂಣದ ಬೆನ್ನಿನ ಕಡೆ ಹುಟ್ಟಿ, ದೂರ ನಡೆದು ಹೋಗಿ, ಮುಖದ ಮೂಳೆಯಾಗಿ, ನರವಾಗಿ, ಚರ್ಮಕ್ಕೆ ಬಣ್ಣ ಕೊಡುವ ಕೋಶವಾಗಿ ಮಾರ್ಪಡುವ ಕೋಶಗಳಿವೆ. 2008ರಲ್ಲಿ ರೊಬೆರ್ಟೊ ಮೇಯರ್ ಎಂಬ ಜೀವವಿಜ್ಞಾನಿಯ ತಂಡ ಕಪ್ಪೆ ಮತ್ತು ಮೀನಿನ ಭ್ರೂಣಗಳಲ್ಲಿ ಅವನ್ನು ನೋಡಿತು. ಅಲ್ಲೂ ಒಂದನ್ನೊಂದು ಮುಟ್ಟಿದವು ದಾರಿ ಬದಲಿಸಿದವು. ಆ ಕೆಲಸ ನಡೆದದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲೇ, ಅಬರ್‌ಕ್ರೊಂಬಿ ಮತ್ತು ಹೀಸ್ಮನ್ ಕೋಳಿ ಹೃದಯದ ಎರಡು ಚೂರುಗಳನ್ನು ಎದುರುಬದುರು ಇಟ್ಟ ಅದೇ ಕಾಲೇಜಿನಲ್ಲಿ.

ನಮಸ್ಕಾರ.