ಉಪ್ಪುನೀರಿನ ಅಕ್ವೇರಿಯಂಗೆ ಬಲೆಯ ಮುಚ್ಚಳ

ಕೇಳುಗರೆ, ನಮಸ್ಕಾರ.

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ನನ್ನ ಹತ್ತಿರ ಎಲ್ಲ ಕೇಳುತ್ತಾರೆ. ಉಪ್ಪು ಎಷ್ಟು ಹಾಕಬೇಕು, ಫಿಲ್ಟರ್ ಯಾವುದು ಒಳ್ಳೆಯದು, ದೀಪ ಎಷ್ಟು ಹೊತ್ತು ಉರಿಸಬೇಕು. ಮುಚ್ಚಳದ ವಿಷಯ ಮಾತ್ರ ಯಾರೂ ಕೇಳುವುದಿಲ್ಲ. ಮೀನು ನೆಲದ ಮೇಲೆ ಒಣಗಿ ಬಿದ್ದಿರುವುದನ್ನು ಕಂಡ ಮೇಲೆ ಫೋನ್ ಮಾಡುತ್ತಾರೆ. ಹಾಗಾಗಿ ಇವತ್ತು ಬೇರೆ ಯಾವ ಮಾತೂ ಬೇಡ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಬಲೆಯ ಮುಚ್ಚಳದ ಬಗ್ಗೆ ಹೇಳುತ್ತೇನೆ. ಒಂದೇ ಮಾತು ನೆನಪಿಟ್ಟುಕೊಳ್ಳಿ: ಬಲೆ ಬಿಗಿಯಾಗಿರಬೇಕು. ಚೆಂಡೆಯ ಚರ್ಮದ ಹಾಗೆ ಬಿಗಿಯಾಗಿರಬೇಕು.

ಮೀನು ಯಾಕೆ ಹಾರುತ್ತದೆ? ಹೆದರಿ ಹಾರುತ್ತದೆ. ಫೈರ್‌ಫಿಶ್ ಅಂತ ಒಂದು ಮೀನಿದೆ, ಬೆರಳುದ್ದ. ಮುಂದೆ ಬಿಳಿ, ಬಾಲದ ಕಡೆ ಕೆಂಡದ ಬಣ್ಣ. ಬೆನ್ನ ಮೇಲೆ ಒಂದು ಉದ್ದದ ಮುಳ್ಳು. ಅದನ್ನು ಎತ್ತುತ್ತಾ ಇಳಿಸುತ್ತಾ ಇರುತ್ತದೆ. ಸಮುದ್ರದಲ್ಲಿ ಹವಳದ ದಿಬ್ಬದ ಪಕ್ಕ ತನ್ನ ಬಿಲದ ಮೇಲೆಯೇ ನಿಂತು, ನೀರಲ್ಲಿ ತೇಲಿ ಬರುವ ಸಣ್ಣ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಏನಾದರೂ ನೆರಳು ಕಂಡರೆ ಸರ್ರನೆ ಬಿಲಕ್ಕೆ. ನಮ್ಮ ತೊಟ್ಟಿಯಲ್ಲಿ ಇದ್ದಕ್ಕಿದ್ದಂತೆ ದೀಪ ಆರಿತು ಅಂದುಕೊಳ್ಳಿ. ಕತ್ತಲಲ್ಲಿ ಬಿಲ ಎಲ್ಲಿ? ನಾಲ್ಕು ಕಡೆಯೂ ಗಾಜು. ಉಳಿದದ್ದು ಮೇಲಿನ ದಾರಿ. ರ್ಯಾಸ್, ಗೋಬಿ, ಬ್ಲೆನಿ ಅನ್ನುವ ಮೀನುಗಳೆಲ್ಲವೂ ಹೀಗೇ. ಕರೆಂಟು ಯಾವಾಗ ಹೋಗುತ್ತದೆ ಅಂತ ಗೊತ್ತಿಲ್ಲದ ನಮ್ಮೂರಲ್ಲಿ ಮುಚ್ಚಳ ಇಲ್ಲದೆ ಈ ಮೀನುಗಳನ್ನು ಸಾಕಲೇಬಾರದು.

ಹಾಗಾದರೆ ಒಂದು ಗಾಜು ಮುಚ್ಚಿಬಿಟ್ಟರೆ ಆಯಿತಲ್ಲ ಅಂತ ಕೇಳುತ್ತೀರಿ. ಬೇಡ. ಗಾಜು ಮುಚ್ಚಿದರೆ ಗಾಳಿ ಆಡುವುದಿಲ್ಲ. ಮೀನು ಬಿಟ್ಟ ಉಸಿರು ಒಳಗೇ ಉಳಿಯುತ್ತದೆ. ನೀರು ಬಿಸಿಯೂ ಆಗುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಒಯ್ಯುವ ಶಾಖ ಎಷ್ಟು ಗೊತ್ತಾ? 100 ಲೀಟರ್ ನೀರನ್ನು 5 ಡಿಗ್ರಿಗಿಂತ ಜಾಸ್ತಿ ತಣಿಸುವಷ್ಟು. ಏಪ್ರಿಲ್‌ನ ಸೆಕೆಯಲ್ಲಿ ಅದನ್ನು ಯಾಕೆ ತಡೆಯುತ್ತೀರಿ? ಬಲೆ ಹಾಕಿ. ಗಾಳಿ ಹೋಗಲಿ, ಆವಿ ಹೋಗಲಿ, ಮೀನು ಮಾತ್ರ ಒಳಗಿರಲಿ.

ಈ ಬಿಗಿಯ ಮಾತನ್ನು ನಾನು ಯಾರಿಂದ ಕಲಿತೆ ಅಂತ ಹೇಳಲೇಬೇಕು. ನನ್ನ ಮನೆ ಮಲ್ಪೆಯ ಹತ್ತಿರ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ, ಸಣ್ಣ ಪ್ರಾಯದಿಂದ ಕಡಲಿಗೆ ಹೋದವರು. ನಾನು ಅವರನ್ನು ಅಣ್ಣ ಅಂತ ಕರೆಯುತ್ತೇನೆ, ಅವರು ನನ್ನನ್ನು ಮಾಷ್ಟ್ರೇ ಅನ್ನುತ್ತಾರೆ. ನನ್ನ ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಅದಕ್ಕೆ ಬಂದರಿನ ಬಲೆ ಅಂಗಡಿಯಿಂದ ಒಂದು ತುಂಡು ಬಲೆ ತಂದಿದ್ದೆ. ನೂಲು ಕಣ್ಣಿಗೆ ಕಾಣದಷ್ಟು ತೆಳು. ತೊಟ್ಟಿಯ ಮೇಲೆ ಹಾಸಿ, ಸುತ್ತಲೂ ಇಲಾಸ್ಟಿಕ್ ಹಾಕಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ಜೂನ್ ತಿಂಗಳು. ರಾತ್ರಿ ಒಂದು ದೊಡ್ಡ ಗುಡುಗು, ಕರೆಂಟು ಹೋಯಿತು. ಟಾರ್ಚ್ ಹಿಡಿದು ಹೋದೆ. ನನ್ನ ಫೈರ್‌ಫಿಶ್ ಬಲೆಯಲ್ಲಿ ನೇತಾಡುತ್ತಿತ್ತು. ತಲೆ ಬಲೆಯ ಕಣ್ಣಿನಿಂದ ಹೊರಗೆ, ಮೈ ಒಳಗೆ. ನೂಲು ಕಿವಿರಿನ ಮುಚ್ಚಳದ ಹಿಂದೆ ಸಿಕ್ಕಿಕೊಂಡಿತ್ತು. ಬಾಲದಿಂದ ನೀರಿಗೆ ಎರಡೇ ಇಂಚು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕತ್ತರಿ ತಂದು ಒಂದೊಂದೇ ನೂಲು ಕತ್ತರಿಸಿ ಬಿಡಿಸಿದೆ. ನೀರಿಗೆ ಬಿಟ್ಟರೆ ಕಲ್ಲಿನ ಸಂದಿಗೆ ಹೋಗಿ ಕೂತಿತು. ಬೆಳಗ್ಗೆ ನೋಡಿದರೆ ಸತ್ತಿತ್ತು.

ಜೂನ್ 1ರಿಂದ ಜುಲೈ 31ರ ತನಕ ಇಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಲೆ ರಿಪೇರಿಯ ಕಾಲ ಅದು. ಅಣ್ಣ ಜಗಲಿಯಲ್ಲಿ ಬಲೆ ಹರವಿಕೊಂಡು ಕೂತಿದ್ದರು. ಕರೆದು ತೋರಿಸಿದೆ. ಅವರು ಏನೂ ಕೇಳಲಿಲ್ಲ. ಒಂದು ಬೆರಳು ಬಲೆಯ ನಡುವೆ ಇಟ್ಟು ಒತ್ತಿದರು. ಬಲೆ ಮಗುವಿನ ಜೋಲಿಯ ಹಾಗೆ ಇಳಿದು ನೀರು ಮುಟ್ಟಿತು.

"ಎಂತ ಮಾಷ್ಟ್ರೇ, ನೀವು ಮುಚ್ಚಳ ಮಾಡಿದ್ದಲ್ಲ, ಬಲೆ ಬಿಟ್ಟದ್ದು," ಅಂದರು. "ನಾವು ಬಲೆ ಕಟ್ಟುವಾಗ ಬೇಕಂತಲೇ ಸಡಿಲ ಬಿಡುವುದು. ಬಂಗುಡೆ ಬಂದು ಗುದ್ದುವಾಗ ಬಲೆ ಅದರ ಒಟ್ಟಿಗೇ ಹೋಗ್ತದೆ, ಸುತ್ತಿಕೊಳ್ತದೆ. ಬಿಗಿ ಕಟ್ಟಿದರೆ ಮೀನು ಗುದ್ದಿ ವಾಪಾಸು ಹೋಗ್ತದೆ. ನಿಮಗೆ ಬೇಕಾದದ್ದು ಅದಲ್ವಾ?"

ಅದೇ ಬೇಕಾಗಿದ್ದದ್ದು! ಮೀನಿನ ಕಿವಿರನ್ನು ಕೊಯ್ದು ಮಕ್ಕಳಿಗೆ ತೋರಿಸಿ ಪಾಠ ಮಾಡಿದವನು ನಾನು. ಬಲೆ ಆ ಕಿವಿರನ್ನು ಹೇಗೆ ಹಿಡಿಯುತ್ತದೆ ಅಂತ ಹೇಳಿಕೊಟ್ಟವರು ಅಣ್ಣ. ಅವತ್ತೇ ಇಬ್ಬರೂ ಕೂತು ಹೊಸ ಮುಚ್ಚಳ ಮಾಡಿದೆವು. ಅದನ್ನೇ ನಿಮಗೆ ಹೇಳುತ್ತೇನೆ, ಬರೆದುಕೊಳ್ಳಿ.

ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಕೊಡುವ ಅಲ್ಯೂಮಿನಿಯಂ ಅಂಗಡಿಗೆ ಹೋಗಿ. ಅದೇ ಫ್ರೇಮ್ ಸಾಕು. ಬಣ್ಣದ ಕೋಟಿಂಗ್ ಇರುವುದನ್ನೇ ತೆಗೆದುಕೊಳ್ಳಿ, ಬರೀ ಅಲ್ಯೂಮಿನಿಯಂ ಉಪ್ಪಿಗೆ ಬಿಳಿ ಪುಡಿ ಏಳುತ್ತದೆ. ಮೂಲೆಗೆ ಪ್ಲಾಸ್ಟಿಕ್ ಜೋಡಣೆ ಇರಲಿ, ಕಬ್ಬಿಣದ ಸ್ಕ್ರೂ ಬೇಡ. ಅಳತೆ ಕೊಡುವಾಗ ಫ್ರೇಮ್ ತೊಟ್ಟಿಯ ಗಾಜಿನ ಅಂಚಿನ ಮೇಲೆ ಪೂರ್ತಿ ಕೂರುವ ಹಾಗೆ ಕೊಡಿ.

ಬಲೆ ನೈಲಾನಿನದ್ದು, ಗಂಟಿಲ್ಲದ್ದು. ಗಂಟಿದ್ದರೆ ಮೀನಿನ ಮೈ ತರಚುತ್ತದೆ. ನೂಲು ತೀರಾ ತೆಳು ಬೇಡ. ಬಣ್ಣ ಇಲ್ಲದ್ದೇ ಇರಲಿ, ಕಪ್ಪು ಬಲೆ ಬೆಳಕು ತಿನ್ನುತ್ತದೆ. ಕಣ್ಣು 6 ಮಿಲಿಮೀಟರ್, ಸಣ್ಣ ಗೋಬಿ ಇದ್ದರೆ 3. ಇಲ್ಲಿ ಒಂದು ಸಂಗತಿ ಇದೆ. ಬಲೆ ಅಂಗಡಿಯವರು ಕಣ್ಣನ್ನು ಉದ್ದಕ್ಕೆ ಎಳೆದು ಅಳೆಯುತ್ತಾರೆ. ಅವರ 12 ಅಂದರೆ ಚೌಕದ ಒಂದು ಬದಿ 6. ಸುಮ್ನೆ 6 ಅಂತ ಕೇಳಿದರೆ ಬೇರೆಯದೇ ಕೊಡುತ್ತಾರೆ.

ಬಲೆಯನ್ನು ಫ್ರೇಮಿಗಿಂತ ಎರಡೆರಡು ಇಂಚು ಹೆಚ್ಚಿಗೆ ಕತ್ತರಿಸಿ. ಆಮೇಲೆ ನೀರಲ್ಲಿ ನೆನೆಸಿ. ಇದು ಅಣ್ಣನ ಉಪಾಯ. ನೈಲಾನ್ ನೀರು ಕುಡಿದರೆ ಹಿಗ್ಗುತ್ತದೆ. ಒಣಗಿದ್ದಾಗ ಬಿಗಿ ಮಾಡಿದ್ದು ತೊಟ್ಟಿಯ ಮೇಲೆ ಇಟ್ಟ ಎರಡೇ ದಿನಕ್ಕೆ ಸಡಿಲ. ಒದ್ದೆ ಇರುವಾಗಲೇ ಎಳೆದು, ಫ್ರೇಮಿನ ಉದ್ದಕ್ಕೂ ಇರುವ ಸೀಳಿನಲ್ಲಿ ರಬ್ಬರ್ ಬೀಡಿಂಗ್, ಅಂದರೆ ಹಗ್ಗದಂಥ ರಬ್ಬರ್ ಪಟ್ಟಿ, ಒತ್ತಿ ಕೂರಿಸಿ. ಒಂದು ಬದಿ ಆದ ಮೇಲೆ ಅದರ ಎದುರಿನ ಬದಿ, ಪಕ್ಕದ್ದಲ್ಲ. ಎಳೆಯುವಾಗ ಉದ್ದದ ಪಟ್ಟಿ ಒಳಕ್ಕೆ ಬಾಗುತ್ತದೆ. ಬಾಗಿದರೆ ಅಂಚಿನಲ್ಲಿ ಸಂದು ಬೀಳುತ್ತದೆ, ಮೀನು ಹೋಗುವುದು ಆ ಸಂದಿನಲ್ಲೇ. ಅದಕ್ಕೆ ಮೂರು ಅಡಿಯ ಫ್ರೇಮಿಗೆ ನಡುವೆ ಒಂದು ಅಡ್ಡಪಟ್ಟಿ ಹಾಕಿಸಲೇಬೇಕು. ಕೊನೆಗೆ ಬೆರಳಿಂದ ಬಾರಿಸಿ ನೋಡಿ. ಸದ್ದು ಬರಬೇಕು. ಬರದಿದ್ದರೆ ಬೀಡಿಂಗ್ ಕಿತ್ತು ಇನ್ನೊಮ್ಮೆ ಎಳೆಯಿರಿ. ನಾವು ಮೂರು ಸಲ ಕಿತ್ತೆವು.

ನನ್ನ ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಪೈಪು, ವಯರು ಹೋಗುವ ಮೂಲೆಗೆ ಅಕ್ರಿಲಿಕ್ ತುಂಡು ಕೊರೆದು ಕೂರಿಸಿ, ಸುತ್ತ ಸಂದು ಬಿಡಬೇಡಿ. ತಾಮ್ರ, ಹಿತ್ತಾಳೆಯ ಜಾಲರಿ ಬೇಡವೇ ಬೇಡ, ತಾಮ್ರದ ಅಂಶ ನೀರಿಗೆ ಇಳಿದರೆ ಸಿಗಡಿ ಸಾಯುತ್ತದೆ. ಬಲೆ ಇದ್ದರೆ ನೀರು ದಿನಾ ಕಡಿಮೆ ಆಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಅದಕ್ಕೆ ತುಂಬಿಸುವಾಗ ಸಿಹಿನೀರೇ ಹಾಕಿ, ಉಪ್ಪುನೀರಲ್ಲ.

ಇನ್ನೊಂದು, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮನೆಯಲ್ಲಿ ಹಳೆಯ ಸೊಳ್ಳೆ ಪರದೆ ಇದೆ, ಅದನ್ನೇ ಕತ್ತರಿಸಿ ಹಾಕಿದರಾಯಿತು ಅಂತ ಮಾಡಬೇಡಿ. ಮಲೇರಿಯಾ ತಡೆಯಲು ಕೊಡುವ ಪರದೆಗೆ ಕೀಟನಾಶಕ ಲೇಪಿಸಿರುತ್ತಾರೆ. ಮನುಷ್ಯರಿಗೆ ಅದು ಒಳ್ಳೆಯದೇ. ಮೀನಿಗೆ, ಸಿಗಡಿಗೆ ಅದು ವಿಷ. ತೊಳೆದರೂ ಹೋಗುವುದಿಲ್ಲ, ತೊಳೆದರೂ ಉಳಿಯಲಿ ಅಂತಲೇ ಮಾಡಿರುವುದು ಅದು.

ವಾರಕ್ಕೊಮ್ಮೆ ಮುಚ್ಚಳ ತೆಗೆದು ನಲ್ಲಿಯ ಕೆಳಗೆ ಹಿಡಿಯಿರಿ. ಕಣ್ಣುಗಳಲ್ಲಿ ಕೂತ ಬಿಳಿ ಉಪ್ಪು ಕರಗಿ ಹೋಗಲಿ. ತೊಳೆದ ಮೇಲೆ ಒಂದು ಸಲ ಬಾರಿಸಿ ನೋಡಿ, ಸದ್ದು ಬಂದರೆ ಮಾತ್ರ ವಾಪಸ್ ಇಡಿ. ನಮಸ್ಕಾರ.