ಡೇ ಕೇರ್ ಲೇಟ್ ಫೀಸು, ಎರಡನೇ ಮಹಡಿ ಆಂಟಿ, ಮತ್ತೆ ಅಮ್ಮಂದಿರ ಹತ್ರ ಇರ್ಲೇಬೇಕಾದ ಒಂದು ನಂಬರ್ | ನನ್ನ ಶುಕ್ರವಾರದ ವ್ಲಾಗ್

ನಮಸ್ಕಾರ ಎಲ್ರಿಗೂ, ಇದು ಶುಕ್ರವಾರ ಬೆಳಗ್ಗೆ, ಚಿತ್ರಾನ್ನ ಆಗ್ತಿದೆ, ಹೇಗೆ ಮಾಡೋದು ಅಂತ ಹೇಳಲ್ಲ, ಕಾಣ್ತಾ ಇದೆಯಲ್ಲ. ಆ ಕಡೆ ಒಲೆ ಮೇಲೆ ಮಗನಿಗೆ ರಾಗಿ ಗಂಜಿ. ಎರಡೂವರೆ ವರ್ಷ ಈಗ ಅವನಿಗೆ. ಮುಖ ತೋರಿಸಿ ಅಂತ ದಯವಿಟ್ಟು ಕೇಳ್ಬೇಡಿ, ದೊಡ್ಡೋನಾದ್ಮೇಲೆ ಅದನ್ನ ಅವನೇ ತೀರ್ಮಾನ ಮಾಡ್ಲಿ, ಅಲ್ಲೀವರೆಗೂ ಕಾಲು ಮಾತ್ರ ಕಾಣುತ್ತೆ.

ಹೋದ ವಿಡಿಯೋಗೆ ಒಬ್ರು ಕಾಮೆಂಟ್ ಹಾಕಿದ್ರು, ಒಂದು ಮಗು ಇಟ್ಕೊಂಡು ಇಷ್ಟು ಸುಸ್ತಾ, ನಮ್ಮಜ್ಜಿ ಎಂಟು ಮಕ್ಕಳನ್ನ ಸಾಕಿದ್ರು ಅಂತ. ಸರಿ, ನಮ್ಮಜ್ಜಿನೂ ಏಳು ಹೆತ್ತವರು, ತಿಪಟೂರು ಹತ್ರ ಹಳ್ಳಿ, ತೋಟ, ದನ, ಮನೆ ತುಂಬಾ ಜನ. ನಾನು ಅಮ್ಮಂಗೆ ಫೋನ್ ಮಾಡಿ ಕೇಳ್ದೆ, ಅಜ್ಜಿ ನಿಮ್ಮನ್ನೆಲ್ಲ ಹೇಗಮ್ಮ ಸಾಕಿದ್ರು ಅಂತ. ಅಮ್ಮ ತಕ್ಷಣ ಹೇಳಿದ್ದು, "ಅವ್ವ ಎಲ್ಲಿ ಸಾಕಿದ್ಲು, ನನ್ನ ಎತ್ಕೊಂಡು ತಿರುಗಿದ್ದು ನಮ್ಮಕ್ಕ." ಅಂದ್ರೆ ನಮ್ಮ ದೊಡ್ಡಮ್ಮ. ಆಗ ಅವರಿಗೆ ಒಂಬತ್ತು ವರ್ಷ, ಮೂರನೇ ಕ್ಲಾಸಿಗೇ ಸ್ಕೂಲ್ ಬಿಡ್ಸಿದ್ರು, ಕೂಸು ನೋಡ್ಕೊಳೋಕೆ. ಇವತ್ತಿಗೂ ಅವರು ಬ್ಯಾಂಕಲ್ಲಿ ಹೆಬ್ಬೆಟ್ಟು ಒತ್ತೋದು. ಹಾಗಾಗಿ ಎಂಟು ಮಕ್ಕಳ ಲೆಕ್ಕ ಹೇಳೋರು, ಆ ಎಂಟರಲ್ಲಿ ಯಾವ ಹುಡುಗಿ ಸ್ಕೂಲ್ ಬಿಟ್ಳು ಅಂತಾನೂ ಒಂದ್ಸಲ ಮನೇಲಿ ಕೇಳಿ ನೋಡಿ. ನಂಗೆ ಆ ಕಾಲ ವಾಪಸ್ ಬೇಡ.

ಗಂಜಿ ಆಯ್ತು, ಅರ್ಧ ಅವನ ಶರ್ಟ್ ಮೇಲಿದೆ, ಮುಂದೆ ಹೋಗೋಣ.

ಇದು ಡೇ ಕೇರ್ ಗೇಟು, ಬೋರ್ಡ್ ಕಾಣದ ಹಾಗೆ ಕಟ್ ಮಾಡಿದೀನಿ. ನಮ್ಮ ಮನೆ ವಿಜಯನಗರ, ನನ್ನ ಆಫೀಸು ವೈಟ್‌ಫೀಲ್ಡ್ ಕಡೆ, ಇವರ ಕೆಲಸ ಪೀಣ್ಯದಲ್ಲಿ. ನಿಮ್ಮ ಕಂಪನೀಲೇ ಕ್ರೆಷ್ ಇರ್ಬೇಕಲ್ವಾ ಅಂತ ಸುಮಾರು ಜನ ಕೇಳಿದೀರ, ಹೌದು, 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆದಾಗ ರಜೆ 12 ವಾರದಿಂದ 26 ವಾರಕ್ಕೆ ಹೋಯ್ತಲ್ಲ, ಆಗ್ಲೇ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಕ್ರೆಷ್ ಸೌಲಭ್ಯ ಇರ್ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅಂತ ಬಂತು. ನಮ್ಮಲ್ಲೂ ಇದೆ. ಆದ್ರೆ ಅದು ಆಫೀಸ್ ಹತ್ರ, ಅಲ್ಲಿಗೆ ಈ ಮಗೂನ ಬೆಳಗ್ಗೆ ಎಂಟು ಗಂಟೆ ಪರ್ಪಲ್ ಲೈನ್ ರಶ್ಶಲ್ಲಿ ಎತ್ಕೊಂಡು ಹೋಗೋದು ಹೇಗೆ ಹೇಳಿ. ಮನೆ ಹತ್ರದ್ದೇ ಸರಿ ಅಂತ ಇಲ್ಲಿ ಹಾಕಿದ್ವಿ. ಅಪ್ಪಂದಿರಿಗಂತೂ ಖಾಸಗಿ ಕಂಪನೀಲಿ ಕಾನೂನು ಪ್ರಕಾರ ಒಂದು ದಿನಾನೂ ರಜೆ ಇಲ್ಲ, ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ ಅಷ್ಟೇ. ಇವರು ಮಗು ಹುಟ್ಟಿದ ನಾಲ್ಕನೇ ದಿನ ಶಿಫ್ಟಿಗೆ ಹೋಗಿದ್ದು.

ಮೆಟ್ರೋ ಶಾಟ್ ಫಾಸ್ಟ್ ಮಾಡಿದೀನಿ, ಏನಿಲ್ಲ ಅದ್ರಲ್ಲಿ.

ಈಗ ಸಂಜೆ, ನಾನು ಹೇಳ್ಬೇಕು ಅಂದ್ಕೊಂಡಿದ್ದು ಇದು. ಈ ಚೀಟಿ ನೋಡಿ, ಫೋಕಸ್ ಆಗ್ತಿಲ್ಲ, ಒಂದ್ನಿಮಿಷ... ಹಾಂ. "ಲೇಟ್ ಪಿಕಪ್, 450 ರೂ." ಇದು ಹೋದ ವಾರದ್ದು. ಅವತ್ತು ಮಳೆ ಹೇಗೆ ಹೊಡೀತು ಅಂತ ಬೆಂಗಳೂರಿನವರಿಗೆ ನೆನಪಿರುತ್ತೆ, ಸ್ಟೇಷನ್ ಪ್ಲಾಟ್‌ಫಾರ್ಮಲ್ಲಿ ಕಾಲಿಡೋಕೆ ಜಾಗ ಇಲ್ಲ, ಎರಡು ಟ್ರೈನ್ ಬಿಟ್ಟು ಮೂರನೇದಕ್ಕೆ ಹತ್ತಿದೆ, ಇಲ್ಲಿ ಇಳಿದ್ರೆ ಒಂದು ಆಟೋನೂ ಬರಲ್ಲ, ಬೂಟೊಳಗೆ ನೀರು ತುಂಬ್ಕೊಂಡು ನಡ್ಕೊಂಡೇ ಬಂದೆ. ಡೇ ಕೇರ್ ಆರೂವರೆಗೆ ಮುಚ್ತಾರೆ, 15 ನಿಮಿಷ ಬಿಡ್ತಾರೆ, ಆಮೇಲೆ ಪ್ರತಿ 15 ನಿಮಿಷಕ್ಕೆ 150. ನಾನು ಸೇರಿದ್ದು 7.20ಕ್ಕೆ. 35 ನಿಮಿಷ, ಎರಡು ಸ್ಲಾಟ್ ಆಗಿ ಮೇಲೆ 5 ನಿಮಿಷ, ಆ 5 ನಿಮಿಷಕ್ಕೂ ಪೂರ್ತಿ 150! ತಿಂಗಳಿಗೆ 11,000 ಕಟ್ತೀವಿ, ಒಂದು ದಿನ ರಜೆ ಹಾಕಿದ್ರೂ ಒಂದು ರೂಪಾಯಿ ವಾಪಸ್ ಇಲ್ಲ, ಮಧ್ಯಾಹ್ನ ಸ್ವಲ್ಪ ಮೈ ಬೆಚ್ಚಗಿದ್ರೂ ಫೋನ್ ಮಾಡಿ ಕರ್ಕೊಂಡು ಹೋಗಿ ಅಂತಾರೆ, ಆದ್ರೆ ಮಳೇಲಿ ಸಿಕ್ಕಾಕ್ಕೊಂಡ ತಾಯಿ ಹತ್ರ 5 ನಿಮಿಷಕ್ಕೆ 150. ನಂಗೆ ಅವತ್ತು ಮೈಯೆಲ್ಲ ಉರೀತಿತ್ತು.

ಒಳಗೆ ಹೋದ್ರೆ ಲೈಟೆಲ್ಲ ಆಫ್, ಒಂದು ರೂಮಲ್ಲಿ ಮಾತ್ರ ಇದೆ, ಅಲ್ಲಿ ಆಯಾ ಅಕ್ಕ ಚಾಪೆ ಮೇಲೆ ಕೂತಿದಾರೆ, ಮಡಿಲಲ್ಲಿ ಇವನು ನಿದ್ದೆ. ಅವರ ಒಂದು ಕೈ ಇವನ ತಲೆ ಕೆಳಗೆ, ಇನ್ನೊಂದು ಕೈಯಲ್ಲಿ ಫೋನು, ಮೆಲ್ಲಗೆ ಮಾತಾಡ್ತಿದಾರೆ, "ಕುಕ್ಕರ್ ಮುಟ್ಟಬೇಡ ಮಗಾ, ಪಕ್ಕದ್ಮನೆ ಅತ್ತೆ ಹತ್ರ ಹೋಗಿ ಕೂತ್ಕೋ, ಬಂದೆ." ಅವರ ಮಗಳು, ಎರಡನೇ ಕ್ಲಾಸು, ಮನೇಲಿ ಒಬ್ಳೇ. ಲಗ್ಗೆರೆಗೆ ಹೋಗ್ಬೇಕು ಅವರು, ಆ ಮಳೇಲಿ, ಬಸ್ಸಲ್ಲಿ. ಆಗ ಅನ್ನಿಸ್ತು, ಫೀಸ್ ಇರ್ಲಿ, ಇರ್ಲೇಬೇಕು, ಇವರ ಟೈಮಿಗೆ ಬೆಲೆ ಇಲ್ವಾ. ನಾನು ಕೇಳ್ದೆ, ಅಕ್ಕ ಈ ಲೇಟ್ ದುಡ್ಡಲ್ಲಿ ನಿಮಗೆ ಎಷ್ಟು ಬರುತ್ತೆ ಅಂತ. "ನಮಗೆಲ್ಲಿ ಮೇಡಂ, ಅದು ಆಫೀಸಿಗೆ" ಅಂದ್ರು.

ಮತ್ತೆ ಸಿಟ್ಟು ಬಂತು, ಇನ್ನೂ ಜಾಸ್ತಿ ಬಂತು! 450 ರೂಪಾಯಿ ಅಕ್ಕನ ಕೈಗೆ ಹೋಗ್ತಿದ್ರೆ ಖುಷಿಯಾಗಿ ಕೊಡ್ತಿದ್ದೆ. ನನ್ನ ಮಗುಗೋಸ್ಕರ ಅವರ ಮಗು ಒಬ್ಳೇ ಕೂತಿದೆ, ಮಧ್ಯದಲ್ಲಿ ದುಡ್ಡು ಬೇರೆಯವರಿಗೆ. ದೊಡ್ಡಮ್ಮನ ಕಥೆ ಯಾಕೆ ಹೇಳ್ದೆ ಅಂದ್ರೆ ಇದಕ್ಕೇ. ಆಗ ಒಂಬತ್ತು ವರ್ಷದ ಹುಡುಗಿ ತಲೆ ಮೇಲೆ ಬಿತ್ತು, ಈಗ ಲಗ್ಗೆರೆಯ ಎರಡನೇ ಕ್ಲಾಸ್ ಹುಡುಗಿ ತಲೆ ಮೇಲೆ ಬೀಳ್ತಿದೆ. ಹಳ್ಳಿ ಕಡೆ ಸರ್ಕಾರ 2023ರಲ್ಲಿ ಕೂಸಿನ ಮನೆ ಅಂತ ಶುರು ಮಾಡ್ತು ನೋಡಿ, 4,000 ಗ್ರಾಮ ಪಂಚಾಯ್ತಿಗಳಲ್ಲಿ ಅಂತ ಘೋಷಣೆ ಆಗಿತ್ತು, ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ. ಅಂಥದ್ದು ಸಿಟೀಲಿ ಆಯಾ ಅಕ್ಕನಂಥವರ ಮಕ್ಕಳಿಗೂ ಬೇಕು, ಸ್ಕೂಲ್ ಬಿಟ್ಮೇಲೆ ಸಂಜೆ ಹೊತ್ತು ಕೂರೋಕೆ ಒಂದು ಜಾಗ.

ಶಾಟ್ ಮುಗೀತಾ ಬಂತು, ಇದು ನಮ್ಮ ಬಿಲ್ಡಿಂಗ್ ಮೆಟ್ಟಿಲು, ಲಿಫ್ಟ್ ಕೆಟ್ಟಿದೆ.

ಎರಡನೇ ಮಹಡಿ ಆಂಟಿ ಮನೆ ಇದು. ಅವರ ಮಗ ಮೊಮ್ಮಕ್ಕಳೆಲ್ಲ ಪುಣೆಯಲ್ಲಿ. ಬಂದಾಗಿಂದ್ಲೂ "ಏನಾದ್ರೂ ಬೇಕಿದ್ರೆ ಹೇಳಮ್ಮ" ಅಂತಿದ್ರು, ನಾನೂ ಹೂಂ ಆಂಟಿ ಅಂತ ತಲೆ ಆಡಿಸ್ತಿದ್ದೆ, ಅದು ಎಲ್ರೂ ಹೇಳೋ ಮಾತು, ಎಲ್ರೂ ಆಡಿಸೋ ತಲೆ. ಮಳೆ ದಿನ ಆದ್ಮೇಲೆ ನಾನು ಹೋಗಿ ನೇರವಾಗಿ ಕೇಳ್ದೆ, ಆಂಟಿ, ನಂಗೆ ಲೇಟ್ ಆದ ದಿನ ಆರೂವರೆಗೆ ಮಗೂನ ಕರ್ಕೊಂಡು ಬಂದು ನಾನು ಬರೋವರೆಗೂ ಇಟ್ಕೊಳೋಕೆ ಆಗುತ್ತಾ, ಆಗಲ್ಲ ಅಂದ್ರೆ ಒಂದು ಚೂರೂ ಬೇಜಾರಿಲ್ಲ. ಆಂಟಿ ಯೋಚನೆ ಮಾಡಿ ಹೇಳಿದ್ರು, ಮಂಡಿ ನೋವು, ಎತ್ಕೊಳಲ್ಲ, ಕೈ ಹಿಡ್ಕೊಂಡು ನಡೆಸ್ಕೊಂಡು ಬರ್ತೀನಿ, ನಾನು ಊಟಕ್ಕೆ ಏನು ಮಾಡಿರ್ತೀನೋ ಅದನ್ನೇ ತಿನ್ನಿಸೋದು, ಸೀರಿಯಲ್ ಟೈಮಲ್ಲಿ ಗಲಾಟೆ ಮಾಡ್ಬಾರ್ದು. ಒಪ್ಕೊಂಡೆ. ಡೇ ಕೇರ್‌ಗೆ ಅವರ ಫೋಟೋ, ಆಧಾರ್ ಜೆರಾಕ್ಸ್ ಕೊಟ್ಟು ಪಿಕಪ್ ಕಾರ್ಡಲ್ಲಿ ಹೆಸರು ಸೇರಿಸಿದ್ದಾಯ್ತು. ದುಡ್ಡು ಮುಟ್ಟಲ್ಲ ಅವರು. ಅದಕ್ಕೆ ಅವರ ಬಿಪಿ ಮಾತ್ರೆ ಆರ್ಡರ್ ಮಾಡೋದು, ಗ್ಯಾಸ್ ಬುಕ್ ಮಾಡೋದು, ಬ್ಯಾಂಕ್ ಕೆಲಸ, ಎಲ್ಲ ನಾನು ನೋಡ್ಕೊಳ್ತೀನಿ. ಮನೇಲಿ ಮುದ್ದೆ ಕಂಡ್ರೆ ಮುಖ ತಿರುಗಿಸೋ ನನ್ನ ಮಗ ಆಂಟಿ ಮನೇಲಿ ಸೊಪ್ಪಿನ ಸಾರಲ್ಲಿ ಅದ್ದಿ ನುಂಗ್ತಾನೆ, ಅಲ್ಲಿ ಕಾಣ್ತಿದೆ ನೋಡಿ ಅವನ ಕೈ.

ಅದಕ್ಕೇ ನಾನು ಹೇಳೋದು, ಸುಮ್ನೆ ಸಹಾಯ ಬೇಕು ಅಂತ ಹೇಳಿದ್ರೆ ಯಾರಿಗೂ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ, ಯಾವ ದಿನ, ಎಷ್ಟು ಹೊತ್ತು, ಯಾವ ಕೆಲಸ ಅಂತ ಕೇಳಿ. ಗಂಡನ ಹತ್ರಾನೂ ಅಷ್ಟೇ. ನಮ್ಮಲ್ಲಿ ರಾತ್ರಿ ಎರಡು ಗಂಟೆವರೆಗೆ ಮಗು ಎದ್ರೆ ಅವರ ಪಾಳಿ, ಆಮೇಲೆ ನಂದು. ಇದನ್ನ ಜಗಳ ಆಡಿಯೇ ತಂದಿದ್ದು, ಆದ್ರೆ ಬಂತು.

ಈಗ ಮಗು ಮಲಗಿದೆ, ನಾನು ಬಟ್ಟೆ ಮಡಚ್ತಾ ಮಾತಾಡ್ತಿದೀನಿ, ಸ್ವಲ್ಪ ವಾಯ್ಸ್ ಕಮ್ಮಿ.

ಬಾಣಂತನದ ಬಗ್ಗೆ ಒಂದ್ಸಲ ಇದೇ ಚಾನೆಲಲ್ಲಿ ಅದೊಂದು ಜೈಲು ಅಂತ ಹೇಳಿದ್ದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕುದಿಯೋ ನೀರಲ್ಲಿ ಸ್ನಾನ, ಸಾಂಬ್ರಾಣಿ ಹೊಗೆ, ಮೂರು ಹೊತ್ತೂ ಮೆಣಸಿನ ಸಾರು. ನೀರು ಜಾಸ್ತಿ ಕುಡೀಬೇಡ ಅನ್ನೋದನ್ನ ಈಗಲೂ ನಾನು ಒಪ್ಪಲ್ಲ, ಹಾಲುಣಿಸೋ ತಾಯಿಗೆ ನೀರು ಬೇಕೇ ಬೇಕು. ಆದ್ರೆ ಈಗ ಅನ್ಸುತ್ತೆ, ಆ ಮೂರು ತಿಂಗಳು ಮನೇಲಿ ಒಬ್ರಿಗೆ ನನ್ನನ್ನ ನೋಡ್ಕೊಳೋದೇ ಕೆಲಸ ಆಗಿತ್ತು. ಅಮ್ಮ ತಿಪಟೂರಿಗೆ ವಾಪಸ್ ಹೋದ ದಿನದಿಂದ ಎಲ್ರೂ ಕೇಳೋದು ಮಗು ಹಾಲು ಕುಡೀತಾ, ಮಗು ಮಲಗ್ತಾ. ನೀನು ಉಂಡ್ಯಾ ಅಂತ ಕೇಳೋರಿಲ್ಲ. ಲಸಿಕೆ ಹಾಕ್ಸೋಕೆ ಹೋದ್ರೆ ಮಗು ತೂಕ, ತಲೆ ಸುತ್ತಳತೆ ಎಲ್ಲ ಬರ್ಕೊಂಡ್ರು, ಎದುರಿಗೆ ಕೂತಿದ್ದ ನನ್ನ ಮುಖ ಯಾರೂ ನೋಡ್ಲಿಲ್ಲ. ಹೆರಿಗೆ ಆದ್ಮೇಲೆ ಖಿನ್ನತೆ ಏನಾದ್ರೂ ಇದೆಯಾ ಅಂತ ತಿಳ್ಕೊಳೋಕೆ, ತಾಯಂದಿರಿಗೆ ಕೇಳೋಕೆ ಅಂತಾನೇ 10 ಪ್ರಶ್ನೆಗಳ ಒಂದು ಪಟ್ಟಿ ಇದೆ, ಎಡಿನ್‌ಬರ್ಗ್ ಸ್ಕೇಲ್ ಅಂತಾರೆ, 1987ರಿಂದ ಇದೆ, ಕನ್ನಡದಲ್ಲೂ ಇದೆ, ಕಳೆದ 7 ದಿನ ನಿಮಗೆ ಹೇಗನ್ನಿಸಿದೆ ಅಂತ ಕೇಳ್ತಾರೆ, ಐದು ನಿಮಿಷದ ಕೆಲಸ. ಪ್ರತಿ ಲಸಿಕೆ ದಿನ ಅದನ್ನ ಕೇಳ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಇದು ಮಾತ್ರ ಬದಲಾಗಲ್ಲ.

ಹೆರಿಗೆ ಆದ ಮೊದಲ ದಿನಗಳಲ್ಲಿ ಕಾರಣ ಇಲ್ದೆ ಅಳು ಬರೋದು ತುಂಬಾ ಜನಕ್ಕೆ ಆಗುತ್ತೆ, ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗೇ ಹೋಗುತ್ತೆ. ಅದಕ್ಕಿಂತ ಮುಂದೆ ಹೋದ್ರೆ, ಮಗು ಮಲಗಿದ್ರೂ ನಿಮಗೆ ನಿದ್ದೆ ಬರ್ತಿಲ್ಲ ಅಂದ್ರೆ, ಯಾವುದೂ ಬೇಡ ಅನ್ಸಿದ್ರೆ, ಡಾಕ್ಟರಿಗೆ ಹೇಳ್ಬೇಕು, ಇದಕ್ಕೆ ಚಿಕಿತ್ಸೆ ಇದೆ. ನಂಗೆ ಮಗು ಐದು ತಿಂಗಳಿದ್ದಾಗ ಹಾಗಾಯ್ತು. ರಾತ್ರಿ ಬಾಲ್ಕನೀಲಿ ನಿಂತು 14416ಕ್ಕೆ ಫೋನ್ ಮಾಡ್ದೆ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಕನ್ನಡ ಆಯ್ಕೆ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ಆ ಕಡೆಯಿಂದ ಮಾತಾಡಿದ ಹುಡುಗಿ ಉಪದೇಶ ಮಾಡ್ಲಿಲ್ಲ. ಇವತ್ತು ಏನು ಊಟ ಮಾಡಿದ್ರಿ ಅಂತ ಕೇಳಿದ್ರು, ಪಕ್ಕದಲ್ಲಿ ಯಾರಿದಾರೆ ಅಂದ್ರು, ನಿಮಗೆ ಅಥವಾ ಮಗುಗೆ ಏನಾದ್ರೂ ಮಾಡ್ಬಿಡೋ ಥರ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿದ್ರು. ನಂಗೆ ಬರ್ತಿರ್ಲಿಲ್ಲ. ಆದ್ರೆ ಕೇಳಿದ್ರಲ್ಲ ಒಬ್ರು, ಅಷ್ಟಕ್ಕೇ ಎದೆ ಹಗುರಾಯ್ತು. ಅಂಥ ಯೋಚನೆ ಬರ್ತಿರೋರು ದಯವಿಟ್ಟು ಬೆಳಗಾಗ್ಲಿ ಅಂತ ಕಾಯ್ಬೇಡಿ, ಮನೇಲಿ ಒಬ್ರನ್ನ ಎಬ್ಬಿಸಿ, ಆಸ್ಪತ್ರೆಗೆ ಹೋಗಿ. ನಮ್ಮ ನಿಮ್ಹಾನ್ಸಲ್ಲಿ 2009ರಿಂದ ತಾಯಿ ಮಗು ಇಬ್ರನ್ನೂ ಒಟ್ಟಿಗೇ ಸೇರಿಸ್ಕೊಳೋ ವಾರ್ಡ್ ಇದೆ, ಮಗೂನ ಬಿಟ್ಟು ಹೇಗಿರ್ಲಿ ಅನ್ನೋ ಭಯ ಬೇಡ.

ಬಾಗಿಲು ಬೆಲ್ ಆಯ್ತು, ಇವರು ಬಂದ್ರು ಅನ್ಸುತ್ತೆ, ಬೇಗ ಹೇಳಿ ಮುಗಿಸ್ತೀನಿ. ಸೋಮವಾರ ನಾನು, ಇನ್ನೂ ಮೂರು ಮಕ್ಕಳ ಅಪ್ಪ ಅಮ್ಮಂದಿರು ಸೇರಿ ಡೇ ಕೇರ್ ಓನರ್ ಜೊತೆ ಮಾತಾಡ್ತಿದೀವಿ, ಕೇಳ್ತಿರೋದು ಎರಡೇ. ಲೇಟ್ ಫೀಸ್ ಆ ದಿನ ನಿಂತ ಆಯಾಗೇ ಹೋಗ್ಬೇಕು, ಮತ್ತೆ ಅಕ್ಕನ ಮಗಳು ಸ್ಕೂಲ್ ಮುಗಿಸಿ ಅಲ್ಲೇ ಬಂದು ಕೂತು ಹೋಮ್‌ವರ್ಕ್ ಮಾಡೋಕೆ ಬಿಡ್ಬೇಕು. ಅಕ್ಕನ್ನ ಮೊದಲೇ ಕೇಳಿದೀವಿ, ಅವರ ಹೆಸರು ಹೇಳಲ್ಲ, ಎಲ್ಲಾ ಆಯಾಗಳಿಗೂ ಅಂತಾನೇ ಕೇಳ್ತೀವಿ, ಕೆಲಸಕ್ಕೆ ತೊಂದ್ರೆ ಆಗ್ಬಾರ್ದಲ್ಲ. ನಿಮ್ಮ ಕಡೆ ಡೇ ಕೇರಲ್ಲಿ ಈ ದುಡ್ಡು ಯಾರಿಗೆ ಹೋಗುತ್ತೆ, ಕೇಳಿ ಕಾಮೆಂಟಲ್ಲಿ ಹಾಕಿ, ಸೋಮವಾರದೊಳಗೆ ಹಾಕಿದ್ರೆ ಪ್ರಿಂಟ್ ತೆಗೆದು ತಗೊಂಡು ಹೋಗ್ತೀನಿ. ಬಂದೆ ಬಂದೆ, ಮಗು ಎದ್ಬಿಡುತ್ತೆ, ಬೆಲ್ ಹೊಡೀಬೇಡಿ ರೀ.