ನಮ್ಮ ಪಚ್ಚಿಲೆ ಅಮೆರಿಕದಲ್ಲಿ ಯಾಕೆ ವಿಲನ್ ಆಯಿತು?

ನಮಸ್ಕಾರ. ಮಂಗಳೂರು, ಉಡುಪಿ ಕಡೆಯವರಿಗೆ ಪಚ್ಚಿಲೆ ಅಂದರೆ ಸಾಕು, ಸುಕ್ಕದ ವಾಸನೆ ಮೂಗಿಗೆ ಬರುತ್ತದೆ. ಬಂಡೆಗೆ ಅಂಟಿ ಬೆಳೆಯುವ ಕಡಲ ಚಿಪ್ಪು ಅದು, ಕೆಲವರು ನೀಲಿಕಲ್ಲು ಅನ್ನುತ್ತಾರೆ. ತೊಳೆಯುವಾಗ ಚಿಪ್ಪಿನ ಸಂದಿಯಲ್ಲಿ ಗಡ್ಡದ ಹಾಗೆ ನಾರು ಇರುತ್ತದಲ್ಲ, ಎಷ್ಟು ಎಳೆದರೂ ಸುಲಭಕ್ಕೆ ಕಿತ್ತು ಬರುವುದಿಲ್ಲ, ಬೆರಳು ಜಾರುತ್ತದೆ. ಆ ನಾರಿನಿಂದಲೇ ಅದು ಬಂಡೆಗೆ ಕಚ್ಚಿಕೊಳ್ಳುವುದು. ಪೈಪ್ ಸಿಕ್ಕರೆ ಪೈಪಿಗೂ.

1999ರಲ್ಲಿ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ಆಗಿದ್ದು ಇದೇ. ವಿದ್ಯುತ್ ಸ್ಥಾವರಕ್ಕೆ ತಂಪು ನೀರು ಎಳೆಯುವ ಸುರಂಗವನ್ನು ಕ್ಲೀನ್ ಮಾಡಲು ಮುಳುಗುಗಾರರು ಇಳಿದರೆ, ಒಳಗೆ ಪಚ್ಚಿಲೆ! ಏಷ್ಯಾದ ಕಡಲಿನ ಜೀವಿ ಅದು. ನಮ್ಮೂರಿಂದಲೇ ಹೋಯಿತು ಅಂತ ಹೇಳುತ್ತಿಲ್ಲ. ಟ್ರಿನಿಡಾಡ್‌ನಲ್ಲಿ ಆಗಲೇ 1990ರ ಹೊತ್ತಿಗೆ ಕಾಣಿಸಿಕೊಂಡಿತ್ತು. ಹೋಗಿದ್ದು ಮಾತ್ರ ಹಡಗಿನಲ್ಲೇ ಅನ್ನುವುದು ಬಲ್ಲವರ ಲೆಕ್ಕ. ತಳಕ್ಕೆ ಅಂಟಿಕೊಂಡು, ಇಲ್ಲವೇ ಹೊಟ್ಟೆಯೊಳಗಿನ ನೀರಿನಲ್ಲಿ.

ಹೊಟ್ಟೆಯೊಳಗಿನ ಆ ನೀರೇ ಬ್ಯಾಲಸ್ಟ್ ನೀರು. ಮಂಗಳೂರಿನ ಬಂದರು ಪಣಂಬೂರಿಗೆ ಕಲ್ಲಿದ್ದಲು ಹಡಗು ಬರುತ್ತದೆ ಅಂದುಕೊಳ್ಳಿ. ಸರಕು ಇಳಿಯುತ್ತಾ ಹೋದ ಹಾಗೆ ಹಡಗು ಮೇಲೇಳುತ್ತದೆ. ಖಾಲಿ ಹಡಗು ಕಡಲಿಗೆ ಹೋದರೆ ತೂಗಾಡುತ್ತದೆ, ಹಿಂದಿನ ಫ್ಯಾನ್ ನೀರಿನಿಂದ ಮೇಲೆ ಬಂದುಬಿಡುತ್ತದೆ. ಅದಕ್ಕೆ ಅಲ್ಲೇ ಬಂದರಿನ ನೀರನ್ನು ಪಂಪ್ ಮಾಡಿ ತೊಟ್ಟಿಗಳಿಗೆ ತುಂಬಿಕೊಳ್ಳುತ್ತಾರೆ. ದೊಡ್ಡ ಹಡಗಾದರೆ ಹತ್ತಾರು ಸಾವಿರ ಟನ್. ಮುಂದಿನ ಬಂದರಿನಲ್ಲಿ ಸರಕು ತುಂಬುವಾಗ ಅಷ್ಟನ್ನೂ ಹೊರಗೆ ಬಿಡುತ್ತಾರೆ. ಪಚ್ಚಿಲೆಯ ಮರಿ ಹುಟ್ಟಿದಾಗ ಹೆಚ್ಚುಕಡಿಮೆ ಕೂದಲಿನ ದಪ್ಪ, ಕೆಲವು ವಾರ ನೀರಿನಲ್ಲಿ ತೇಲಿಕೊಂಡೇ ಇರುತ್ತದೆ, ಹಾಗಾಗಿ ಪುಕ್ಕಟೆ ಪ್ರಯಾಣ.

ಇದು ಒಂದು ಕಡೆಯ ವ್ಯಾಪಾರ ಅಲ್ಲ. ಕೇರಳದ ಅಷ್ಟಮುಡಿ ಹಿನ್ನೀರು ನೋಡಿ. ದಕ್ಷಿಣ ಅಮೆರಿಕದ ಕಡೆಯ ಚಾರು ಅನ್ನುವ ಚಿಪ್ಪು ಅಲ್ಲಿ ಬೀಡುಬಿಟ್ಟಿದೆ, ನಮ್ಮ ಪಚ್ಚಿಲೆಯ ಜಾಗವನ್ನೇ ಹಿಡಿದಿದೆ. ನಮ್ಮದು ಅಲ್ಲಿ ವಿಲನ್, ಅವರದ್ದು ಇಲ್ಲಿ. ಚಿಪ್ಪು ಆರಿಸಿ ಬದುಕುವ ಹಿನ್ನೀರಿನ ಜನಕ್ಕೆ ಹಡಗಿನಿಂದ ಒಂದು ಪೈಸೆ ಲಾಭ ಇಲ್ಲ, ನಷ್ಟ ಮಾತ್ರ ಅವರಿಗೆ.

ಹಾಗಾದರೆ ನಿಯಮ ಇಲ್ವಾ? ಇದೆ. ಚೆನ್ನಾಗಿಯೇ ಇದೆ. 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಜಾರಿಗೆ ಬಂದಿದ್ದು 2017ರ ಸೆಪ್ಟೆಂಬರ್ 8ಕ್ಕೆ. ಹದಿಮೂರು ವರ್ಷ! ಮೊದಲಿಗೆ ದಡದಿಂದ 200 ನಾಟಿಕಲ್ ಮೈಲಿ ಆಚೆ ಹೋಗಿ ನೀರು ಬದಲಾಯಿಸಿ ಅಂದರು. ಆದರೆ ತೊಟ್ಟಿಯ ತಳದಲ್ಲಿ ಕೂತ ಕೆಸರು ಅಲ್ಲೇ ಉಳಿಯುತ್ತದೆ, ಅದರೊಳಗಿನ ಜೀವಿಗಳೂ. ಈಗ 2024ರ ಸೆಪ್ಟೆಂಬರ್‌ನಿಂದ ಒಪ್ಪಂದದ ಅಡಿಗೆ ಬರುವ ಹಡಗುಗಳು ನೀರನ್ನು ಶುದ್ಧ ಮಾಡಿಯೇ ಬಿಡಬೇಕು. ಒಂದು ಘನ ಮೀಟರ್ ನೀರಿನಲ್ಲಿ, ಅಂದರೆ ಸಾವಿರ ಲೀಟರಿನಲ್ಲಿ, 50 ಮೈಕ್ರಾನ್ (ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು) ಅಥವಾ ಅದಕ್ಕಿಂತ ದೊಡ್ಡ ಜೀವಂತ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು. ಕಾಲರಾ ಬ್ಯಾಕ್ಟೀರಿಯಾಕ್ಕೂ ಮಿತಿ ಇದೆ.

ನನ್ನ ತಕರಾರು ಬೇರೆ. ಹಡಗಿನಲ್ಲಿರುವ ಯಂತ್ರ ಮೊದಲು ನೀರನ್ನು ಸೋಸುತ್ತದೆ, ಆಮೇಲೆ ಯುವಿ ಬೆಳಕು ಹಾಯಿಸುತ್ತದೆ ಅಥವಾ ಉಪ್ಪುನೀರಿನಿಂದಲೇ ಕ್ಲೋರಿನ್ ತಯಾರಿಸಿ ಜೀವಿಗಳನ್ನು ಕೊಲ್ಲುತ್ತದೆ. ತಿಳಿನೀರಿನಲ್ಲಿ ಬಹಳ ಚೆನ್ನ. ಜುಲೈನಲ್ಲಿ ನೇತ್ರಾವತಿ, ಫಲ್ಗುಣಿ ಸೇರುವ ಅಳಿವೆ ಹತ್ತಿರ ನಿಂತು ನೋಡಿ, ಕಡಲು ಚಹಾದ ಬಣ್ಣ. ಅಂಥ ನೀರಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಯುವಿ ಬೆಳಕು ಒಳಗೆ ಇಳಿಯುವುದಿಲ್ಲ. ಇತ್ತ ಸರಕು ಇಳಿಸುವ ಕೆಲಸ ನಿಲ್ಲಿಸುವ ಹಾಗಿಲ್ಲ, ಗಂಟೆಗಂಟೆಗೂ ದುಡ್ಡು. ಆಗ ಯಂತ್ರ ತಪ್ಪಿಸಿ ನೀರು ತುಂಬಿಕೊಳ್ಳುವ ಆಸೆ ಯಾರಿಗೆ ಆಗುವುದಿಲ್ಲ ಹೇಳಿ? ಎಂಜಿನಿಯರ್ ಕೆಟ್ಟವನೇನಲ್ಲ ಪಾಪ.

ಬಂದರಿನಲ್ಲಿ ಪರೀಕ್ಷೆ ಮಾಡುವವರು ಸರ್ಟಿಫಿಕೇಟ್ ನೋಡಬಹುದು, ದಾಖಲೆ ಪುಸ್ತಕ ನೋಡಬಹುದು, ನೀರಿನ ಸ್ಯಾಂಪಲ್ ತೆಗೆಯಬಹುದು. ಆದರೆ ಸ್ಯಾಂಪಲ್ ಪರೀಕ್ಷೆಗೆ ಹಿಡಿಯುವ ಸಮಯದ ನೆಪದಲ್ಲಿ ಹಡಗನ್ನು ಅನಗತ್ಯವಾಗಿ ತಡೆಯುವ ಹಾಗಿಲ್ಲ ಅಂತ ಒಪ್ಪಂದದಲ್ಲೇ ಇದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪುಸ್ತಕದಲ್ಲಿ ಸಹಿ ಸರಿಯಾಗಿದ್ದರೆ ಮರಿಗಳು ಸತ್ತುಹೋಗುತ್ತವಾ? ಕೆಲವೇ ನಿಮಿಷದಲ್ಲಿ ಅಂದಾಜು ಹೇಳುವ ಸಣ್ಣ ಉಪಕರಣಗಳು ಈಗ ಸಿಗುತ್ತವೆ. ಪುಸ್ತಕ ಆಮೇಲೆ ಓದಿ, ಮೊದಲು ಒಂದು ಬಾಟಲಿ ನೀರು ತೆಗೆಯಿರಿ ಅನ್ನುವುದಷ್ಟೇ ನನ್ನ ಮಾತು. ಫಲಿತಾಂಶವನ್ನು ಬಂದರಿನ ವೆಬ್‌ಸೈಟಿನಲ್ಲಿ ಹಾಕಿ, ಮೀನುಗಾರರೂ ನೋಡಲಿ.

ಹಡಗಿನ ತಳಕ್ಕೆ ಅಂಟಿಕೊಂಡು ಬರುವುದರ ಕಥೆ ಇನ್ನೂ ದೊಡ್ಡದು, ಅದಕ್ಕೇ ಒಂದು ಎಪಿಸೋಡ್ ಬೇಕು. ಸದ್ಯಕ್ಕೆ ಒಂದು ವಿಷಯ ಗಮನಿಸಿ. ಪಣಂಬೂರಿನಲ್ಲಿ ಕಲ್ಲಿದ್ದಲು ಇಳಿಸಿ ಖಾಲಿಯಾಗಿ ಹೊರಡುವ ಹಡಗು ಹೊತ್ತುಕೊಂಡು ಹೋಗುವುದು ನಮ್ಮ ನೀರು. ಅದನ್ನು ಯಾವ ಊರಿನವರ ಮನೆ ಮುಂದೆ ಸುರಿಯುತ್ತಾರೆ ಅಂತ ನಾವು ಯಾರಾದರೂ ಯಾವತ್ತಾದರೂ ಕೇಳಿದ್ದೇವಾ?